ಅಘನಾಶಿನಿ ಅಳಿವೆಯಲ್ಲಿ 40 ಎಚ್‌ಪಿ ಔಟ್‌ಬೋರ್ಡ್ ಬಿಸಿಯಾಗ್ತಿದೆ: ಇಂಪೆಲ್ಲರ್ ಹೊಸದು, ಆದರೂ ಬಜರ್ ಹೊಡೀತಿದೆ

ಗಜನಿದೋಣಿ:

18 ಅಡಿಯ ಫೈಬರ್ ದೋಣಿ. ದೋಣಿಯ ಹಿಂಬದಿಗೆ ತೂಗುಹಾಕುವ (ಔಟ್‌ಬೋರ್ಡ್) ಇಂಜಿನ್, 40 ಎಚ್‌ಪಿ ಟೂ ಸ್ಟ್ರೋಕ್, ಎರಡು ಸಿಲಿಂಡರ್, ಲಾಂಗ್ ಶಾಫ್ಟ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಮಾದರಿ (50ಕ್ಕೆ 1). ತದಡಿಯಿಂದ ಮೇಲಕ್ಕೆ ಮಿರ್ಜಾನ್ ಕಡೆ ಹೋಗಿ ಬರೋದಕ್ಕೆ ಇಟ್ಟುಕೊಂಡದ್ದು, ಮೀನುಗಾರಿಕೆಗಲ್ಲ.

ತೊಂದರೆ ಇಷ್ಟು. ನಿಧಾನಕ್ಕೆ ಎಷ್ಟು ಹೊತ್ತು ಓಡಿಸಿದರೂ ಏನೂ ಇಲ್ಲ. ಮುಕ್ಕಾಲು ಥ್ರಾಟಲ್‌ಗಿಂತ ಮೇಲೆ ಹತ್ತು ನಿಮಿಷ ಓಡಿಸಿದರೆ ಬಜರ್ ಹೊಡೆದು ಆರ್‌ಪಿಎಂ ತಾನಾಗಿಯೇ ಇಳಿಯುತ್ತದೆ. ನ್ಯೂಟ್ರಲ್‌ಗೆ ಹಾಕಿ ಐದು ನಿಮಿಷ ಬಿಟ್ಟರೆ ಮತ್ತೆ ಸರಿ. ಪೈಲಟ್ ಹೋಲ್‌ನಿಂದ (ತಣಿಸುವ ನೀರು ಹೊರಬರುವ ಸಣ್ಣ ತೂತು) ನೀರು ಚಿಮ್ಮುವುದು ನಿಂತಿಲ್ಲ. ಇಂಪೆಲ್ಲರ್ (ನೀರಿನ ಪಂಪಿನೊಳಗಿನ ರಬ್ಬರ್ ರೆಕ್ಕೆಯ ಚಕ್ರ) ಬದಲಾಯಿಸಿ ಆಗಿದೆ. ಹಳೆಯದರಲ್ಲಿ ಎರಡು ರೆಕ್ಕೆಗಳ ತುದಿ ಇರಲಿಲ್ಲ. ಮುಂದೆ ಎಲ್ಲಿ ನೋಡಬೇಕು?

ಕಡವು_40:

ಈಗಿನ ಪೆಟ್ರೋಲೇ ಕಾರಣ ಇರಬಹುದು ಸರ್. E20 (ಶೇ. 20 ಎಥನಾಲ್ ಬೆರೆತ ಪೆಟ್ರೋಲ್) ಬಂದ ಮೇಲೆ ಎಲ್ಲ ಇಂಜಿನ್ ಬಿಸಿ ಜಾಸ್ತಿ. ಆಯಿಲ್ ಸ್ವಲ್ಪ ಹೆಚ್ಚು ಹಾಕಿ ನೋಡಿ.

ಅಳಿವೆಗಾಳಿ:

ಆಯಿಲ್ ಹೆಚ್ಚು ಹಾಕಬೇಡಿ. 10 ಲೀಟರಿಗೆ 200 ಎಂಎಲ್, TC-W3 ಗುರುತಿನ (ನೀರಿನಿಂದ ತಣಿಯುವ ಟೂ ಸ್ಟ್ರೋಕ್‌ಗಳ) ಆಯಿಲ್, ಅಷ್ಟೇ ಸಾಕು. ಆಯಿಲ್ ಹೆಚ್ಚಾದಷ್ಟೂ ಅದೇ ಪ್ರಮಾಣದ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ. ಕಾರ್ಬುರೇಟರಿನ ಜೆಟ್‌ನಲ್ಲಿ ಹೋಗುವ ಮಿಶ್ರಣ ಇನ್ನಷ್ಟು ತೆಳುವಾಗಿ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿ) ಬಿಸಿ ಇಳಿಯುವ ಬದಲು ಏರುತ್ತದೆ. ಎಥನಾಲ್ ತೇವ ಎಳೆದುಕೊಂಡು ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗುವುದು ನಿಜವಾದ ಸಮಸ್ಯೆಯೇ. ಆದರೆ ಆಗ ಇಂಜಿನ್ ಮುಗ್ಗರಿಸುತ್ತದೆ, ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಹತ್ತು ನಿಮಿಷ ಸುಸೂತ್ರ ಓಡಿ ಆಮೇಲೆ ಬಜರ್ ಹೊಡೆಯುವುದು ನೀರಿನ ದಾರಿಯ ಕಥೆ.

ಗಜನಿದೋಣಿಯವರೇ, ನೀವು ಹೇಳಿದ್ದರಲ್ಲಿ ಮುಖ್ಯ ಮಾತು "ಜೋರಾಗಿ ಓಡಿಸಿದಾಗ ಮಾತ್ರ" ಎನ್ನುವುದು. ನಿಧಾನದಲ್ಲಿ ಬಿಸಿ, ಜೋರಿನಲ್ಲಿ ಸರಿ ಎಂದಿದ್ದರೆ ಇಂಪೆಲ್ಲರ್ ಸೋತಿದೆ ಅಥವಾ ಪ್ರೆಶರ್ ರಿಲೀಫ್ ವಾಲ್ವ್ ತೆರೆದೇ ಉಳಿದಿದೆ ಎನ್ನಬಹುದಿತ್ತು. ನಿಮ್ಮದು ತಿರುಗುಮುರುಗು. ಇಂಜಿನ್ ಕೇಳುವಷ್ಟು ನೀರು ಎಲ್ಲೋ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದೆ. ಲೆಗ್ (ಇಂಜಿನ್ನಿನ ನೀರೊಳಗಿನ ಕೆಳಭಾಗ) ಬಿಚ್ಚುವ ಮೊದಲು ಇವಿಷ್ಟು ಹೇಳಿ:

1. ಬಜರ್ ಹೊಡೆಯುವ ಹೊತ್ತಿಗೆ ಪೈಲಟ್ ನೀರು ಒಂದೇ ಎಳೆಯಾಗಿ ಬರುತ್ತದೋ, ಗಾಳಿ ಸೇರಿ ಪುಸ್‌ಪುಸ್ ಎನ್ನುತ್ತದೋ?
2. ಪ್ರೊಪೆಲ್ಲರ್ ಮೇಲಿನ ಅಡ್ಡ ಪ್ಲೇಟ್ ದೋಣಿಯ ತಳದಿಂದ ಎಷ್ಟು ಕೆಳಗಿದೆ?
3. ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕಿದರೆ ಎರಡೂ ಸಿಲಿಂಡರಿನ ಹೆಡ್ (ಮುಚ್ಚಳ) ಎಷ್ಟು ಡಿಗ್ರಿ?
4. ಟೆಂಪರೇಚರ್ ಸ್ವಿಚ್ಚಿನ ವೈರ್ ಕಳಚಿದರೆ ಬಜರ್ ನಿಲ್ಲುತ್ತದೋ? ಹೆಚ್ಚಿನ ಇಂಜಿನ್‌ಗಳಲ್ಲಿ ಬಿಸಿಯಾದಾಗ ಈ ಸ್ವಿಚ್ ಅರ್ತ್ ಆಗುತ್ತದೆ. ಕಳಚಿದರೂ ಹೊಡೆಯುತ್ತಿದ್ದರೆ ವೈರ್ ಎಲ್ಲೋ ಉಪ್ಪುತಿಂದು ಬಾಡಿಗೆ ತಾಗಿದೆ, ಇಂಜಿನ್ ಬಿಸಿಯೇ ಆಗಿಲ್ಲ. ಈ ಪರೀಕ್ಷೆಗೆ ಒಂದು ನಿಮಿಷ ಸಾಕು. ಆಮೇಲೆ ವೈರ್ ವಾಪಸ್ ಹಾಕಿ, ಅದಿಲ್ಲದೆ ಓಡಿಸಬೇಡಿ.

ಗಜನಿದೋಣಿ:

ಎಳೆ ಒಂದೇ ಸಮ ಬರುತ್ತದೆ, ಗಾಳಿ ಇಲ್ಲ. ಪ್ಲೇಟ್ ತಳಕ್ಕಿಂತ 20 ಮಿ.ಮೀ. ಕೆಳಗಿದೆ. ವೈರ್ ಕಳಚಿದಾಗ ಬಜರ್ ನಿಂತಿತು. ನಿಧಾನದಲ್ಲಿ ಎರಡೂ ಹೆಡ್ 55ರ ಆಸುಪಾಸು. ಜೋರಾಗಿ ಓಡಿಸಿ ಬಜರ್ ಹೊಡೆದ ಕೂಡಲೇ ಕವರ್ ತೆಗೆದು ನೋಡಿದರೆ ಮೇಲಿನದು 63, ಕೆಳಗಿನದು 94.

ಅಳಿವೆಗಾಳಿ:

ಎರಡು ಸಿಲಿಂಡರಿಗೂ ಒಂದೇ ಪಂಪ್. ಪಂಪ್ ಸೋತಿದ್ದರೆ, ನೀರು ಒಳಗೆಳೆಯುವ ಜಾಲರಿ ಕಟ್ಟಿದ್ದರೆ, ಇಂಜಿನ್ ಎತ್ತರದಲ್ಲಿ ಕೂತು ಗಾಳಿ ಎಳೆಯುತ್ತಿದ್ದರೆ ಎರಡೂ ಒಟ್ಟಿಗೆ ಏರಬೇಕಿತ್ತು. 31 ಡಿಗ್ರಿ ವ್ಯತ್ಯಾಸ ಎಂದರೆ ಅಡ್ಡಿ ಪಂಪಿನಿಂದ ಮೇಲೆ, ಬ್ಲಾಕಿನ ಒಳಗೆ, ಕೆಳಗಿನ ಸಿಲಿಂಡರಿನ ಪಕ್ಕದಲ್ಲೇ ಇದೆ.

ಪೈಲಟ್ ನೀರನ್ನು ನಂಬಿ ಕೂತವರೇ ಹೆಚ್ಚು. ಆ ನೀರು ಬರುತ್ತಿದೆ ಎಂದರೆ ಪಂಪ್ ನೀರೆತ್ತುತ್ತಿದೆ ಎಂದಷ್ಟೇ ಅರ್ಥ. ಬಹಳ ಮಾಡೆಲ್‌ಗಳಲ್ಲಿ ಆ ಟ್ಯೂಬ್ ಥರ್ಮೋಸ್ಟಾಟ್‌ಗಿಂತ (ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ವಾಲ್ವ್) ಮೊದಲೇ ಕವಲೊಡೆಯುತ್ತದೆ. ಹೆಡ್‌ಗೆ ಹನಿ ನೀರು ಹೋಗದಿದ್ದರೂ ಹೊರಗೆ ಎಳೆ ಚೆನ್ನಾಗಿ ಚಿಮ್ಮುತ್ತಿರುತ್ತದೆ.

ಈಗ ಎರಡು ಅನುಮಾನ ಉಳಿಯುತ್ತವೆ. ಒಂದು, ಹಳೇ ಇಂಪೆಲ್ಲರ್‌ನಿಂದ ಮುರಿದ ಆ ಎರಡು ತುಂಡು. ರಬ್ಬರ್ ಕರಗಿ ಹೋಗುವ ವಸ್ತುವಲ್ಲ, ನೀರಿನ ಜೊತೆ ಮೇಲೇರಿ ದಾರಿ ಕಿರಿದಾದಲ್ಲಿ ನಿಂತಿರುತ್ತದೆ. ಇಂಪೆಲ್ಲರ್ ತೆಗೆದಾಗ ರೆಕ್ಕೆ ಎಣಿಸಬೇಕು, ಕಾಣೆಯಾದ ತುಂಡು ಸಿಗುವವರೆಗೆ ಹುಡುಕಬೇಕು ಎನ್ನುವುದು ಇದಕ್ಕೇ. ಎರಡು, ಕೆಳಗಿನ ಸಿಲಿಂಡರಿನ ಹೆಡ್ ಗ್ಯಾಸ್ಕೆಟ್. ಅದು ಹೋಗಿ ಸಿಲಿಂಡರಿನೊಳಗಿನ ಉರಿದ ಗಾಳಿ ನೀರಿನ ದಾರಿಗೆ ನುಗ್ಗಿದರೆ ಪೈಲಟ್ ನೀರಿನಲ್ಲಿ ಗುಳ್ಳೆ ಕಾಣಬೇಕು. ನಿಮ್ಮಲ್ಲಿ ಗುಳ್ಳೆ ಇಲ್ಲ. ಆದರೂ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಬಿಡಿ. ಎರಡು ಸಿಲಿಂಡರಿನ ನಡುವೆ ಶೇ. 10ರಿಂದ 15ರೊಳಗಿನ ವ್ಯತ್ಯಾಸ ಇದ್ದರೆ ಚಿಂತೆ ಬೇಡ.

ಬೆಂಗ್ರೆಪಾನಾ:

ಅಳಿವೆಗಾಳಿಯವರು ಹೇಳಿದ್ದು ಸರಿ. ಹೆಡ್ ಬಿಚ್ಚುವ ಮುಂಚೆ ಹಿಮ್ಮುಖವಾಗಿ ನೀರು ಬಿಟ್ಟು ನೋಡಿ, ಅರ್ಧಕ್ಕರ್ಧ ಕೇಸು ಅಲ್ಲೇ ಮುಗಿಯುತ್ತವೆ.

ಮೊದಲು ಥರ್ಮೋಸ್ಟಾಟ್ ಕವರಿನ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಪೆನಿಟ್ರೇಟಿಂಗ್ ಆಯಿಲ್ ಬಿಡಿ. ಉಪ್ಪುನೀರಿನ ಇಂಜಿನ್‌ನಲ್ಲಿ ಅಲ್ಯುಮಿನಿಯಂ ಒಳಗೆ ಸ್ಟೀಲ್ ಬೋಲ್ಟ್ ಕಚ್ಚಿಕೊಂಡಿರುತ್ತದೆ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆದರೆ ತಲೆ ಮಾತ್ರ ಕೈಗೆ ಬರುತ್ತದೆ. ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಎಂದು ಆಡಿಸುತ್ತಾ ತೆಗೆಯಿರಿ.

ಥರ್ಮೋಸ್ಟಾಟ್ ಹೊರಬಂದ ಮೇಲೆ ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ತೂಗುಬಿಡಿ, ತಳಕ್ಕೆ ತಾಗಬಾರದು. ಜೊತೆಗೊಂದು ಥರ್ಮಾಮೀಟರ್. ಒಲೆ ಸಣ್ಣಗಿರಲಿ. ಈ ಬಗೆಯ ಟೂ ಸ್ಟ್ರೋಕ್‌ಗಳಲ್ಲಿ 50 ಡಿಗ್ರಿ ಆಸುಪಾಸಿಗೆ ಬಾಯಿ ಬಿಡಲು ಶುರುವಾಗುತ್ತದೆ, ನಿಖರ ಅಂಕಿ ಮ್ಯಾನುಯಲ್‌ನಲ್ಲಿದೆ. ಕಾರಿನದು 82ಕ್ಕೆ ತೆರೆಯುತ್ತದಲ್ಲ ಎಂದು ಗಾಬರಿ ಬೇಡ. ಸಮುದ್ರದ ನೀರು 60 ದಾಟಿದರೆ ಗಟ್ಟಿ ಪದರ ಕಟ್ಟಲು ಶುರು ಮಾಡುತ್ತದೆ, ಅದಕ್ಕೇ ಇಲ್ಲಿ ಕಡಿಮೆ ಇಟ್ಟಿರುತ್ತಾರೆ. ಥರ್ಮೋಸ್ಟಾಟನ್ನೇ ಕಿತ್ತೆಸೆದು ಓಡಿಸುವ ಪದ್ಧತಿ ನಮ್ಮ ಬಂದರುಗಳಲ್ಲಿ ಇದೆ. ಮಾಡಬೇಡಿ. ಇಂಜಿನ್ ತಣ್ಣಗೇ ಓಡಿ ಪ್ಲಗ್‌ಗೆ ಮಸಿ ಹಿಡಿಯುತ್ತದೆ, ನಿಜವಾದ ಅಡ್ಡಿ ಮಾತ್ರ ಇದ್ದಲ್ಲೇ ಇರುತ್ತದೆ.

ಆಮೇಲೆ ಲೋವರ್ ಯೂನಿಟ್ (ಲೆಗ್) ಇಳಿಸಿ. ಇಳಿದ ಮೇಲೆ ಥರ್ಮೋಸ್ಟಾಟ್ ಕೂರುವ ಜಾಗಕ್ಕೆ ತೋಟದ ಹೋಸ್ ಒತ್ತಿ ಹಿಡಿದು ಸಿಹಿನೀರು ಬಿಡಿ. ನೀರು ಮೇಲಿನಿಂದ ಕೆಳಕ್ಕೆ, ಅಂದರೆ ಓಡುವಾಗಿನ ದಿಕ್ಕಿಗೆ ವಿರುದ್ಧವಾಗಿ ಹರಿದು ತಾಮ್ರದ ವಾಟರ್ ಟ್ಯೂಬ್‌ನಿಂದ ಹೊರಬೀಳಬೇಕು. ಕೆಳಗೆ ಬಿಳಿ ಬಕೆಟ್ ಇಡಿ. ಮರಳು, ಬಳಚಿನ (ಚಿಪ್ಪುಮೀನಿನ) ಚೂರು, ರಬ್ಬರ್, ಏನೇ ಬಿದ್ದರೂ ಬಿಳಿಯ ಮೇಲೆ ಕಾಣುತ್ತದೆ. ಬಿಟ್ಟು ಬಿಟ್ಟು ಒತ್ತಡ ಕೊಡಿ.

ಪಂಪ್ ಕೈಗೆ ಬಂದಿರುವಾಗಲೇ ಇಂಪೆಲ್ಲರ್ ಅಡಿಯ ಸ್ಟೀಲ್ ಪ್ಲೇಟ್ ಮತ್ತು ಮೇಲಿನ ಕಪ್ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ಗೀರು ಸಿಕ್ಕಿದರೆ ಎರಡೂ ಬದಲಾಗಬೇಕು. ಹೂಳುನೀರಿನ ಮರಳು ಅಲ್ಲಿ ಉರುಟಾಗಿ ಕೊರೆದಿರುತ್ತದೆ. ಗೀರು ಬಿದ್ದ ಪ್ಲೇಟಿನ ಮೇಲೆ ಹೊಸ ಇಂಪೆಲ್ಲರ್ ಕೂರಿಸಿದರೆ ಒತ್ತಡ ಆ ಗೀರಿನಲ್ಲೇ ಸೋರಿಹೋಗುತ್ತದೆ. ಬರೀ ಇಂಪೆಲ್ಲರ್ ಕೊಳ್ಳುವ ಬದಲು ಪ್ಲೇಟ್, ಕಪ್, ಗ್ಯಾಸ್ಕೆಟ್, ಕೀ ಎಲ್ಲ ಸೇರಿದ ಪೂರ್ತಿ ಕಿಟ್ಟೇ ತನ್ನಿ.

ಗಜನಿದೋಣಿ:

ವಾಪಸ್ ಕೂರಿಸುವಾಗ ವಾಟರ್ ಟ್ಯೂಬ್ ತನ್ನ ಜಾಗಕ್ಕೆ ಹೋಯಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಗೊತ್ತಾಗುವುದು ಹೇಗೆ?

ಬೆಂಗ್ರೆಪಾನಾ:

ಪಂಪಿನ ಮೇಲಿನ ರಬ್ಬರ್ ಗ್ರೊಮೆಟ್ ಒಳಗೆ ಸೋಪುನೀರು ಸವರಿ. ಟ್ಯೂಬಿನ ತುದಿಯಲ್ಲಿ ಚೂಪು ಅಂಚಿದ್ದರೆ ಎಮರಿ ಕಾಗದದಿಂದ ಉಜ್ಜಿ, ಇಲ್ಲದಿದ್ದರೆ ಗ್ರೊಮೆಟ್ ಮಡಚಿ ಒಳಗೆ ತಳ್ಳಿಬಿಡುತ್ತದೆ. ಲೆಗ್ ಮೇಲೇರಿಸುವಾಗ ಮೂರು ವಸ್ತು ಒಟ್ಟಿಗೆ ಸೇರಬೇಕು: ಡ್ರೈವ್ ಶಾಫ್ಟ್, ಗೇರ್ ರಾಡ್, ವಾಟರ್ ಟ್ಯೂಬ್. ಕೊನೆಯ ಒಂದು ಇಂಚು ಬಾಕಿ ಇರುವಾಗ ಟಾರ್ಚ್ ಬಿಟ್ಟು ಟ್ಯೂಬ್ ನೇರ ಇದೆಯೋ ನೋಡಿ. ಬೋಲ್ಟ್ ಬಿಗಿದು ಎಳೆದು ಮುಚ್ಚಿಸಲು ಹೋಗಬೇಡಿ. ಕೈಯಿಂದಲೇ ಪೂರ್ತಿ ಕೂರಬೇಕು. ಕೂರದಿದ್ದರೆ ಪ್ರೊಪೆಲ್ಲರ್ ಶಾಫ್ಟನ್ನು ಗೇರ್‌ನಲ್ಲಿಟ್ಟು ಸ್ವಲ್ಪ ತಿರುಗಿಸಿ, ಹಲ್ಲು ಹೊಂದಿಕೊಳ್ಳುತ್ತವೆ.

ಗ್ರೀಸ್ ಡ್ರೈವ್ ಶಾಫ್ಟಿನ ಹಲ್ಲುಗಳ ಪಕ್ಕಕ್ಕೆ ಮಾತ್ರ. ಮೇಲ್ತುದಿಗೆ ಹಚ್ಚಿದರೆ ಅಲ್ಲಿ ಗ್ರೀಸ್ ಸಿಕ್ಕಿಕೊಂಡು ಶಾಫ್ಟ್ ಪೂರ್ತಿ ಮೇಲೆ ಹೋಗುವುದಿಲ್ಲ. ಇಂಪೆಲ್ಲರ್ ಮೇಲೆ ಕಪ್ ಇಳಿಸುವಾಗ ಶಾಫ್ಟನ್ನು ಮೇಲಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗಿಸುತ್ತಾ ಇಳಿಸಿ. ರೆಕ್ಕೆಗಳು ಸರಿಯಾದ ಕಡೆ ಬಾಗುತ್ತವೆ.

ಗಜನಿದೋಣಿ:

ಅಪ್‌ಡೇಟ್. ಥರ್ಮೋಸ್ಟಾಟ್ 50ಕ್ಕೆ ತೆರೆಯಿತು. ಕಂಪ್ರೆಶನ್ ಎರಡೂ ಹೆಚ್ಚುಕಡಿಮೆ ಸಮ. ಹಿಮ್ಮುಖ ನೀರಿಗೆ ಬಕೆಟ್‌ನಲ್ಲಿ ಒಂದು ಮುಷ್ಟಿಯಷ್ಟು ಕಪ್ಪು ಮರಳು, ರೆಕ್ಕೆಯ ಒಂದು ತುಂಡು. ಎರಡನೇ ತುಂಡು ಬೀಳಲಿಲ್ಲ. ಹೆಡ್ ಕವರ್ ಬಿಚ್ಚಿದಾಗ ಕೆಳಗಿನ ಸಿಲಿಂಡರ್ ಪಕ್ಕದ ನೀರಿನ ಕಂಡಿಯಲ್ಲಿ ಹೆಬ್ಬೆರಳ ಉಗುರಿನಷ್ಟು ರಬ್ಬರ್ ಅಡ್ಡ ಕೂತಿತ್ತು, ಅದರ ಹಿಂದೆ ಮರಳು ಮತ್ತು ಬಿಳಿ ಉಪ್ಪಿನ ಪದರ ಸೇರಿ ಗಾರೆಯಂತಾಗಿತ್ತು. ಪ್ಲೇಟಿನಲ್ಲೂ ಗೀರು ಇತ್ತು. ಹೊಸ ಗ್ಯಾಸ್ಕೆಟ್, ಹೊಸ ಪೂರ್ತಿ ಕಿಟ್. ಬೋಲ್ಟುಗಳನ್ನು ಮ್ಯಾನುಯಲ್‌ನ ಕ್ರಮಸಂಖ್ಯೆಯಂತೆ ಎರಡು ಸುತ್ತಿನಲ್ಲಿ ಬಿಗಿದದ್ದು. ಈಗ ಫುಲ್ ಥ್ರಾಟಲ್‌ನಲ್ಲಿ 20 ನಿಮಿಷ ಓಡಿದರೂ ಮೇಲಿನದು 60, ಕೆಳಗಿನದು 62.

ಇಷ್ಟು ಮರಳು ಒಳಗೆ ಹೋಗುವುದನ್ನು ತಪ್ಪಿಸಲು ಏನು ಮಾಡಬಹುದು?

ಅಳಿವೆಗಾಳಿ:

ನೀರಿನ ಲೆಕ್ಕ ನೋಡಿ ಹೊರಡುವುದೇ ಮೊದಲ ಮದ್ದು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಎರಡೂ ಒಂದೇ ಎತ್ತರ ಇರುವುದಿಲ್ಲ. ಕಾರವಾರದ ಉಬ್ಬರ-ಇಳಿತದ ಪಟ್ಟಿ ಇಟ್ಟುಕೊಳ್ಳಿ, ಆದರೆ ಅದರ ಹೊತ್ತು ನದಿಯ ಮೇಲ್ಭಾಗಕ್ಕೆ ಹೊಂದುವುದಿಲ್ಲ. ಮಿರ್ಜಾನ್ ಕಡೆ ಉಬ್ಬರ ತಡವಾಗಿ ಮುಟ್ಟುತ್ತದೆ. ಏರುನೀರಿನಲ್ಲೇ ಮೇಲಕ್ಕೆ ಹೋಗಿ. ತಳ ತಾಗಿದರೂ ಅರ್ಧ ಗಂಟೆಯಲ್ಲಿ ನೀರೇ ಎತ್ತುತ್ತದೆ. ಇಳಿತದಲ್ಲಿ ತಾಗಿದರೆ ಮುಂದಿನ ಉಬ್ಬರದವರೆಗೆ ಕೆಸರಲ್ಲೇ ಕೂರಬೇಕು. ಇಳಿತದ ಆರು ಗಂಟೆಯಲ್ಲಿ ಮೂರನೇ, ನಾಲ್ಕನೇ ಗಂಟೆಗಳಲ್ಲೇ ಸುಮಾರು ಅರ್ಧದಷ್ಟು ನೀರು ಇಳಿದುಹೋಗುತ್ತದೆ. ಆಗ ಸೆಳೆತವೂ ಜೋರು, ನೀರೂ ಕದಡಿರುತ್ತದೆ.

ಬಳಚು ತೆಗೆಯುವವರು ಸೊಂಟದಮಟ್ಟದ ನೀರಿನಲ್ಲಿ ನಿಂತಿರುವ ಕಡೆ ನಿಮ್ಮ ದಾರಿ ಅಲ್ಲ. ಅವರಿಗೂ ಅಲೆ ಹೊಡೆಸಬೇಡಿ. ನದಿಯ ತಿರುವಿನಲ್ಲಿ ಆಳ ಹೊರಬದಿಯಲ್ಲಿರುತ್ತದೆ, ಒಳಬದಿಯಲ್ಲಿ ಮರಳು. ಗೂಟಕ್ಕೆ ಕಟ್ಟಿದ ಬಲೆಯ ಸಾಲಿನಿಂದ ದೂರ ಇರಿ. ಮೀಟರಿಗಿಂತ ಕಡಿಮೆ ನೀರಿದ್ದರೆ ಇಂಜಿನ್ ಸ್ವಲ್ಪ ಎತ್ತಿ, ನಡಿಗೆಯ ವೇಗದಲ್ಲಿ ಹೋಗಿ. ಜಾಲರಿ ನೀರಿನಿಂದ ಹೊರಬರುವಷ್ಟು ಎತ್ತಬೇಡಿ. ತಳ ತಾಗಿದಾಗ ರಿವರ್ಸ್ ಹೊಡೆದು ಕೆಸರು ಎಬ್ಬಿಸುವುದು ಬೇಡವೇ ಬೇಡ. ಪಂಪಿಗೆ ಮರಳು ಕುಡಿಸುವ ಅತಿ ಸುಲಭ ದಾರಿ ಅದೇ. ಇಂಜಿನ್ ಆಫ್ ಮಾಡಿ, ಹುಟ್ಟುಗೋಲಿನಿಂದ ತಳ್ಳಿ.

ಮತ್ತೆ ಬಜರ್ ಹೊಡೆದರೆ ಮೊದಲು ಥ್ರಾಟಲ್ ಇಳಿಸಿ, ನ್ಯೂಟ್ರಲ್. ಪೈಲಟ್ ನೀರು ಇದ್ದರೆ ನಿಧಾನದಲ್ಲೇ ತಣಿಯಲು ಬಿಡಿ. ನೀರೇ ಇಲ್ಲದಿದ್ದರೆ ಆಫ್ ಮಾಡಿ ಇಂಜಿನ್ ಎತ್ತಿ ಜಾಲರಿಗೆ ಪ್ಲಾಸ್ಟಿಕ್ ಸುತ್ತಿದೆಯೋ ನೋಡಿ. ಆದರೆ ಇಳಿತದಲ್ಲಿ ಅಳಿವೆಯ ಹತ್ತಿರ ಇದ್ದರೆ ಇಂಜಿನ್ ಮುಟ್ಟುವ ಮೊದಲು ಲಂಗರು ಬಿಡಿ. ಸೆಳೆತ ನೇರ ಬಾಯಿಯ ದಿಬ್ಬದ ಕಡೆ ಒಯ್ಯುತ್ತದೆ, ಅಲ್ಲಿ ಅಲೆ ಮುರಿಯುತ್ತಿರುತ್ತದೆ. ಹಗ್ಗದ ಲೆಕ್ಕ: 3 ಮೀಟರ್ ನೀರು, ದೋಣಿಯ ಅಂಚು ಅರ್ಧ ಮೀಟರ್, ಏರಬಹುದಾದ ಉಬ್ಬರ 1 ಮೀಟರ್, ಒಟ್ಟು ನಾಲ್ಕೂವರೆ. ಅದರ ಐದು ಪಟ್ಟು, ಅಂದರೆ 22ರಿಂದ 23 ಮೀಟರ್. ಲಂಗರಿನ ಪಕ್ಕ ನಾಲ್ಕೈದು ಮೀಟರ್ ಸರಪಳಿ ಇದ್ದರೆ ಹೂಳಿನಲ್ಲಿ ಚೆನ್ನಾಗಿ ಕಚ್ಚುತ್ತದೆ.

ಬೆಂಗ್ರೆಪಾನಾ:

ಸೇರಿಸುವುದು ಇಷ್ಟೇ. ಹೊರಗೆ ಹೋಗಿ ಬಂದ ಪ್ರತಿಸಲ ಸಿಹಿನೀರಿನಲ್ಲಿ 10ರಿಂದ 15 ನಿಮಿಷ ನಿಧಾನಕ್ಕೆ ಓಡಿಸಿ. 200 ಲೀಟರಿನ ಡ್ರಮ್ ಇದ್ದರೆ ಪ್ರೊಪೆಲ್ಲರ್ ಬಿಚ್ಚಿ ಓಡಿಸಿ, ನೀರು ಪಂಪಿನ ಮಟ್ಟಕ್ಕಿಂತ ಮೇಲಿರಲಿ. ಈ ನೀರಿಗೆ ಇಂಪೆಲ್ಲರ್ ಆಯುಷ್ಯ ವರ್ಷಕ್ಕೆ ಒಂದು ಅಥವಾ 100 ಗಂಟೆ, ಯಾವುದು ಮೊದಲೋ ಅದು. ಮಳೆಗಾಲದಲ್ಲಿ ದೋಣಿ ಮೇಲೆಳೆದು ಇಡುವವರು ಪೈಲಟ್ ಹೋಲ್‌ಗೆ ಟೇಪ್ ಹಚ್ಚಿ, ಕಣಜ ಅದರೊಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಕಟ್ಟಿದ್ದರೆ ತಂಗೂಸಿ ದಾರ ತೂರಿಸಿ ತೆಗೆಯಿರಿ, ಕಬ್ಬಿಣದ ತಂತಿ ಬೇಡ.

ಕಡವು_40:

ನನ್ನದು 60 ಎಚ್‌ಪಿ ಫೋರ್ ಸ್ಟ್ರೋಕ್. ಇದೇ ಅಂಕಿಗಳು ಅದಕ್ಕೂ ನಡೆಯುತ್ತವೆಯೇ?

ಬೆಂಗ್ರೆಪಾನಾ:

ಥರ್ಮೋಸ್ಟಾಟ್ ತೆರೆಯುವ ಬಿಸಿ ಫೋರ್ ಸ್ಟ್ರೋಕ್‌ಗಳಲ್ಲಿ ಸಾಮಾನ್ಯವಾಗಿ ಇನ್ನೊಂದು ಹತ್ತು ಡಿಗ್ರಿ ಮೇಲಿರುತ್ತದೆ, ನಿಮ್ಮ ಮ್ಯಾನುಯಲ್ ನೋಡಿ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ನೋಡುವ ಕ್ರಮ ಮಾತ್ರ ಅದೇ. ನಿಮ್ಮದರಲ್ಲಿ ಇಂಜಿನ್ ಆಯಿಲ್ ಕಡ್ಡಿಯನ್ನೂ ನೋಡಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸ್ಟಾರ್ಟ್ ಮಾಡಬೇಡಿ, ಒಳಗೆ ನೀರು ಸೇರಿದೆ.