ಬಾಯಿ ಕ್ಯಾನ್ಸರ್ ಅಧ್ಯಯನದಲ್ಲಿ ಐಎಲ್-8: ಕ್ಯಾನ್ಸರ್ ಇಲ್ಲದವರಲ್ಲೂ ಯಾಕಿಷ್ಟು ಜಾಸ್ತಿ?

ವಿದ್ಯಾನಗರ_ಪಿಜಿ:
ಎಲ್ಲರಿಗೂ ನಮಸ್ಕಾರ. ಬಾಯಿ ಕ್ಯಾನ್ಸರ್ ಇರುವ 30 ಜನ, ಇಲ್ಲದ 30 ಜನರ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಮತ್ತು ಜೊಲ್ಲಿನಲ್ಲಿ ಐಎಲ್-8 ಅನ್ನೋ ಉರಿಯೂತದ ಪ್ರೋಟೀನ್ ಅಳೆಯುತ್ತಿದ್ದೇವೆ. ಸುಮಾರು ಅರ್ಧ ಮಾದರಿ ಚಿತ್ರದುರ್ಗದಿಂದ ಬರುತ್ತೆ, ಮಿಕ್ಕಿದ್ದು ದಾವಣಗೆರೆ, ಚನ್ನಗಿರಿ ಕಡೆಯದ್ದು. ಎಲೈಸಾ (ಬಣ್ಣದ ಗಾಢತೆಯಿಂದ ಪ್ರೋಟೀನ್ ಅಳೆಯುವ ಪರೀಕ್ಷೆ) ಎಲ್ಲಾ ದಾವಣಗೆರೆಯಲ್ಲೇ. ಸ್ಟ್ಯಾಂಡರ್ಡ್ (ಹೋಲಿಕೆಗೆ ಇಡುವ, ಪ್ರಮಾಣ ಗೊತ್ತಿರುವ ದ್ರಾವಣ) 31.25ರಿಂದ 2000 ಪಿಕೊಗ್ರಾಂ/ಮಿ.ಲೀ., ಕರ್ವ್ ಚೆನ್ನಾಗೇ ಬಂದಿದೆ. ಆದರೆ ಕಂಟ್ರೋಲ್‌ಗಳಲ್ಲಿ, ಅಂದರೆ ಕ್ಯಾನ್ಸರ್ ಇಲ್ಲದವರಲ್ಲಿ, ಕೆಲವರ ಸೀರಮ್ ರೋಗಿಗಳಿಗಿಂತ ಮೇಲಿದೆ. ಜೊಲ್ಲಲ್ಲಿ ಒಂದೇ ಮಾದರಿಯ ಎರಡು ವೆಲ್ (ಪ್ಲೇಟಿನ ಗುಳಿ) ತಾಳೆಯಾಗಲ್ಲ, ಕೆಲವು 2000 ದಾಟುತ್ತವೆ. ಕಿಟ್ ಬದಲಿಸಬೇಕಾ? ಅಥವಾ ಐಎಲ್-8 ಈ ಕೆಲಸಕ್ಕೇ ಬರಲ್ವಾ?

ಕೋಟೆ_ಲ್ಯಾಬ್:
ಕಿಟ್ ಬದಲಿಸಬೇಡಿ. ಕರ್ವ್ ಸರಿ ಇದೆ ಅಂದ್ರೆ ತಪ್ಪು ಪ್ಲೇಟಿಗೆ ಹಾಕೋ ಮೊದಲೇ ಆಗಿದೆ. ಮೊದಲು ಒಂದು ಕೆಲಸ ಮಾಡಿ: ಚಿತ್ರದುರ್ಗದ ಕಂಟ್ರೋಲ್‌ಗಳನ್ನೂ ದಾವಣಗೆರೆಯ ಕಂಟ್ರೋಲ್‌ಗಳನ್ನೂ ಬೇರೆ ಬೇರೆ ಇಟ್ಟು ನೋಡಿ. ದುರ್ಗದವರದ್ದೇ ಮೇಲಿದ್ದರೆ ನೀವು ಅಳೆದದ್ದು ರೋಗವನ್ನಲ್ಲ, 60 ಕಿ.ಮೀ. ಪ್ರಯಾಣವನ್ನ.

ರಕ್ತ ಟ್ಯೂಬಿಗೆ ಬಂದ ಮೇಲೂ ಬಿಳಿ ಕಣಗಳು ಜೀವಂತ ಇರುತ್ತವೆ. ಏಪ್ರಿಲ್ ಬಿಸಿಲಲ್ಲಿ ಗಂಟೆಗಟ್ಟಲೆ ಇಟ್ಟರೆ ಅವು ಟ್ಯೂಬಲ್ಲೇ ಐಎಲ್-8 ತಯಾರಿಸುತ್ತಾ ಹೋಗುತ್ತವೆ. ಇನ್ನೊಂದು ಕಡೆ, ಕೆಂಪು ಕಣಗಳ ಮೇಲಿರುವ ಡಫಿ ಗ್ರಾಹಕ ಐಎಲ್-8ನ್ನ ಹಿಡಿದಿಟ್ಟುಕೊಂಡಿರುತ್ತೆ. ಕಣ ಒಡೆದರೆ ಅದೂ ಹೊರಗೆ ಬರಬಹುದು. ಸೀರಮ್ ನಸುಗೆಂಪಾಗಿದ್ದರೆ ಆ ಮಾದರಿ ಬಿಡಿ.

ಇನ್ನು ಮುಂದೆ ಸೀರಮ್ ಬದಲು ಪ್ಲಾಸ್ಮಾ ಬಳಸಿ, ರಕ್ತವನ್ನ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಲ್ಲೇ ತಗೊಳ್ಳಿ. ಹೆಪಾರಿನ್ ಬೇಡ, ಕೀಮೋಕೈನ್‌ಗಳು (ಐಎಲ್-8ರಂತೆ ಬಿಳಿ ಕಣಗಳನ್ನ ಕರೆಯುವ ಪ್ರೋಟೀನ್‌ಗಳು) ಅದಕ್ಕೆ ಅಂಟಿಕೊಳ್ಳುತ್ತವೆ. ಟ್ಯೂಬನ್ನ ನೇರ ಐಸ್ ಮೇಲೆ ಇಡದೆ ಮಧ್ಯೆ ಬಟ್ಟೆ ಹಾಕಿ. 30 ನಿಮಿಷದೊಳಗೆ ದುರ್ಗದಲ್ಲೇ 1000 ಜಿಗೆ 15 ನಿಮಿಷ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ. ಜಿ ಅಂದರೆ ಗುರುತ್ವದ ಎಷ್ಟು ಪಟ್ಟು ಬಲ ಅನ್ನೋದು, ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅಲ್ಲ: ರೋಟರ್ ತ್ರಿಜ್ಯ 15 ಸೆಂ.ಮೀ. ಇದ್ದರೆ ಸುಮಾರು 2440 ಆರ್‌ಪಿಎಂ, 10 ಸೆಂ.ಮೀ. ಇದ್ದರೆ ಸುಮಾರು 2990. ಮೇಲಿನ ಪ್ಲಾಸ್ಮಾ ತೆಗೆಯುವಾಗ ಬಿಳಿ ಪದರದ ಮೇಲೆ ಅರ್ಧ ಸೆಂ.ಮೀ. ಬಿಟ್ಟುಬಿಡಿ. ಆಸೆಪಟ್ಟು ಪೂರ್ತಿ ಎಳೆದರೆ ಪ್ಲೇಟ್‌ಲೆಟ್‌ಗಳೂ ಬರುತ್ತವೆ. ತೆಗೆದದ್ದನ್ನ ಇನ್ನೊಮ್ಮೆ 10,000 ಜಿ, 4 ಡಿಗ್ರಿಯಲ್ಲಿ 10 ನಿಮಿಷ. ಆಮೇಲೆ 200 ಮೈಕ್ರೋಲೀಟರ್‌ನಂತೆ ಹಂಚಿ ಮೈನಸ್ 80ಕ್ಕೆ. ದಾವಣಗೆರೆಗೆ ಡ್ರೈ ಐಸ್‌ನಲ್ಲಿ ತನ್ನಿ. ಕರಗಿಸಿದ ಪಾಲನ್ನ ಮತ್ತೆ ಹೆಪ್ಪುಗಟ್ಟಿಸಬೇಡಿ.

ಮುಂದೆ ಸಿಸಿಎಲ್5 ಅನ್ನೋ ಇನ್ನೊಂದು ಕೀಮೋಕೈನ್ ನೋಡೋ ಯೋಚನೆ ಇದ್ದರೆ ಸೀರಮ್ ಆಸೆ ಬಿಟ್ಟೇಬಿಡಿ. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಅದನ್ನ ಸುರಿಯುತ್ತವೆ, ರೋಗಿ ಯಾರು ಆರೋಗ್ಯವಂತ ಯಾರು ಅಂತ ಗೊತ್ತೇ ಆಗಲ್ಲ.

ಬಾಯಿ_ರೋಗಶಾಸ್ತ್ರ:
ಮೇಲಿನವರು ರಕ್ತದ ಬಗ್ಗೆ ಹೇಳಿದ್ದು ಪೂರ್ತಿ ಸರಿ. ಜೊಲ್ಲಿನ ವಿಷಯ ನಾನು ಹೇಳ್ತೀನಿ.

ಕಂಟ್ರೋಲ್‌ಗಳ ಒಸಡು ಪರೀಕ್ಷೆ ಮಾಡಿದ್ದೀರಾ ಮೇಡಂ? ಒಸಡಲ್ಲಿ ರಕ್ತ, ಕೀವು ಇರುವವರ ಜೊಲ್ಲಲ್ಲಿ ಐಎಲ್-8 ಕ್ಯಾನ್ಸರ್ ಇಲ್ಲದೆಯೂ ಏರುತ್ತೆ. ಅಡಿಕೆ, ಗುಟ್ಕಾ ಜಗಿಯುವವರ ಕಥೆ ಇನ್ನೂ ಜಟಿಲ: ಗಾಯ, ಉರಿಯೂತ ಎರಡೂ ಇರುತ್ತವೆ. ಹಾಗಾಗಿ ಒಂದು ಗುಂಪು ಸಾಲದು. ಜಗಿಯದವರು, ಜಗಿಯುವ ಆದರೆ ಕ್ಯಾನ್ಸರ್ ಇಲ್ಲದವರು, ಕ್ಯಾನ್ಸರ್ ಇರುವವರು ಅಂತ ಮೂರು ಗುಂಪು ಮಾಡಿ. ಪ್ರತಿಯೊಬ್ಬರ ಒಸಡಿನ ಸ್ಥಿತಿ, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತ ಪರೀಕ್ಷೆ), ಹದಿನೈದು ದಿನದೊಳಗಿನ ಜ್ವರ ಬರೆದಿಡಿ.

ಸಂಗ್ರಹಕ್ಕೆ ಬೆಳಿಗ್ಗೆ 9ರಿಂದ 11 ಒಳ್ಳೇದು. ಒಂದು ಗಂಟೆ ಮೊದಲಿಂದ ಊಟ, ಬ್ರಷ್, ಎಲೆ-ಅಡಿಕೆ ಬೇಡ. ಬಾಯಿ ಮುಕ್ಕಳಿಸಿ 5 ನಿಮಿಷ ಕಾದು, ಉಗುಳಿಸದೆ ತಲೆ ಬಗ್ಗಿಸಿ ತಾನಾಗಿ ಜಾರುವ ಜೊಲ್ಲನ್ನ ಐಸ್ ಮೇಲಿನ ಟ್ಯೂಬಿಗೆ ಬಿಡಿಸಿ.

ಎರಡು ವೆಲ್ ತಾಳೆಯಾಗದ್ದು ಲೋಳೆಯಿಂದ. ಪಿಪೆಟ್ ಎತ್ತಿದರೆ ದಾರದ ಹಾಗೆ ಎಳೆ ಬರುತ್ತಲ್ಲ, ಆ ಎಳೆ ಪಕ್ಕದ ವೆಲ್‌ಗೂ ತಾಗುತ್ತೆ, ಅಳತೆಯೂ ತಪ್ಪುತ್ತೆ. ಒಮ್ಮೆ ಹೆಪ್ಪುಗಟ್ಟಿಸಿ ಕರಗಿಸಿದರೆ ಲೋಳೆ ಗಂಟಾಗುತ್ತೆ, 10,000 ಜಿಗೆ ತಿರುಗಿಸಿ ಮೇಲಿನ ತಿಳಿ ಮಾತ್ರ ಹಾಕಿ. 2000 ದಾಟಿದ್ದನ್ನ 5, 10, 20 ಪಟ್ಟು ತೆಳು ಮಾಡಿ ಮೂರನ್ನೂ ಓಡಿಸಿ. ಮೂರರಿಂದಲೂ ಲೆಕ್ಕ ಹಾಕಿದ ಮೂಲ ಮೊತ್ತ 20 ಶೇಕಡದೊಳಗೆ ಹೊಂದಬೇಕು. ಹೊಂದದಿದ್ದರೆ ಜೊಲ್ಲಿನ ಯಾವುದೋ ಅಂಶ ಅಡ್ಡ ಬರ್ತಿದೆ. ಎಲೈಸಾದಲ್ಲಿ ಬಣ್ಣ ಬರಿಸುವ ಪೆರಾಕ್ಸಿಡೇಸ್ ಕಿಣ್ವ ಜೊಲ್ಲಲ್ಲೇ ಇದೆ, ತೊಳೆದದ್ದು ಕಮ್ಮಿಯಾದರೆ ಟಿಎಂಬಿ (ಬಣ್ಣ ಕೊಡುವ ದ್ರಾವಣ) ಸುಮ್ಮಸುಮ್ಮನೆ ನೀಲಿಯಾಗುತ್ತೆ. ಬಫರ್‌ನಲ್ಲಿ ಈ ಕಿಣ್ವವನ್ನ ತಡೆಯುವ ಸೋಡಿಯಂ ಅಜೈಡ್ ಇದ್ದರೆ ಉಲ್ಟಾ, ಬಣ್ಣವೇ ಬರಲ್ಲ. ಪ್ಲೇಟನ್ನ ಫ್ಯಾನ್ ಕೆಳಗೆ ಮುಚ್ಚದೆ ಇಡಬೇಡಿ, ಅಂಚಿನ ವೆಲ್‌ಗಳು ಬೇಗ ಆರುತ್ತವೆ.

ವಿದ್ಯಾನಗರ_ಪಿಜಿ:
ತುಂಬಾ ಧನ್ಯವಾದ ಸರ್. ಒಸಡಿನ ದಾಖಲೆ ಇಲ್ಲ, ಎಲ್ಲರನ್ನೂ ಮತ್ತೆ ಕರೆಸ್ತೀವಿ. ಒಂದು ಅನುಮಾನ: ಸೋಂಕಲ್ಲೂ ಏರುತ್ತೆ, ಕ್ಯಾನ್ಸರಲ್ಲೂ ಏರುತ್ತೆ ಅಂದ್ರೆ ಇದರಿಂದ ಏನು ತಿಳಿಯುತ್ತೆ? ಇಲಿಯಲ್ಲೂ ಇದನ್ನೇ ಅಳೆಯಬಹುದಾ?

ಬಾಯಿ_ರೋಗಶಾಸ್ತ್ರ:
ಇಲಿಯಲ್ಲಿ ಐಎಲ್-8 ಜೀನ್ ಇಲ್ಲವೇ ಇಲ್ಲ, ಆ ಕಿಟ್ ತರಿಸಿ ದುಡ್ಡು ಹಾಳು ಮಾಡಬೇಡಿ. ಅದರ ಕೆಲಸವನ್ನ ಸಿಎಕ್ಸ್‌ಸಿಎಲ್1, 2, 5 ಅನ್ನೋ ಕೀಮೋಕೈನ್‌ಗಳು ಮಾಡುತ್ತವೆ.

ಮೊದಲ ಪ್ರಶ್ನೆಗೆ: ಐಎಲ್-8 ಹೇಳೋದು ಒಂದೇ ಮಾತು, "ನ್ಯೂಟ್ರೋಫಿಲ್‌ಗಳೇ (ಒಂದು ಬಗೆಯ ಬಿಳಿ ಕಣ) ಇತ್ತ ಬನ್ನಿ." ಸೋಂಕಲ್ಲಿ ಬ್ಯಾಕ್ಟೀರಿಯಾ ಸತ್ತ ಮೇಲೆ ಕರೆ ನಿಲ್ಲುತ್ತೆ. ಗಡ್ಡೆಯಲ್ಲಿ ನಿಲ್ಲಲ್ಲ, ಕ್ಯಾನ್ಸರ್ ಕಣಗಳೇ ಅದನ್ನ ತಯಾರಿಸುತ್ತಿರುತ್ತವೆ, ಸಿಎಕ್ಸ್‌ಸಿಆರ್2 ಅನ್ನೋ ಅದರ ಗ್ರಾಹಕದ ಮೂಲಕ ಹೊಸ ರಕ್ತನಾಳ ಬೆಳೆಯುತ್ತೆ, ಟಿ ಕಣಗಳನ್ನ (ರೋಗನಿರೋಧಕ ಬಿಳಿ ಕಣ) ತಡೆಯುವ ಕಣಗಳು ಸೇರುತ್ತವೆ. ಅದಕ್ಕೇ ಒಂದು ಸಲದ ಮೊತ್ತಕ್ಕಿಂತ, ಒಸಡಿನ ಚಿಕಿತ್ಸೆ ಆಗಿ ನಾಲ್ಕರಿಂದ ಆರು ವಾರದ ಮೇಲೆ ಇಳಿಯಿತಾ ಇಲ್ವಾ ಅನ್ನೋದು ಹೆಚ್ಚು ಹೇಳುತ್ತೆ. ಕ್ಯಾನ್ಸರ್ ರೋಗಿಗಳ ಚಿಕಿತ್ಸೆಯನ್ನ ಮಾತ್ರ ಇದಕ್ಕಾಗಿ ಒಂದು ದಿನವೂ ಮುಂದೂಡಬಾರದು, ಅವರ ಮಾದರಿ ಶಸ್ತ್ರಚಿಕಿತ್ಸೆಗೆ ಮೊದಲು ತಗೊಂಡರೆ ಸಾಕು.

ಜೊತೆಗೆ ಸಿಎಕ್ಸ್‌ಸಿಎಲ್10 ಅನ್ನೋ ಕೀಮೋಕೈನ್ ಅಳೆಯಿರಿ. ಅದು ಸಿಎಕ್ಸ್‌ಸಿಆರ್3 ಗ್ರಾಹಕ ಇರುವ ಟಿ ಕಣಗಳನ್ನ ಕರೆಯುತ್ತೆ, ರಕ್ತನಾಳಕ್ಕೆ ಕಡಿವಾಣ ಹಾಕುತ್ತೆ. ಆದರೆ ಕ್ಷಯ, ಡೆಂಗ್ಯೂ ಇರುವವರಲ್ಲಿ ಅದೂ ಏರುತ್ತೆ, ಅವರನ್ನ ಅಧ್ಯಯನದಿಂದ ಹೊರಗಿಡಿ.

ಕೋಟೆ_ಲ್ಯಾಬ್:
ಲೆಕ್ಕ ಮಾಡುವಾಗ ಸರಾಸರಿ ಬೇಡ. ಇಂಥ ಮೊತ್ತಗಳು ಒಂದು ಕಡೆ ಬಾಲ ಎಳೆಯುತ್ತವೆ, ಮಧ್ಯಾಂಕ ಕೊಡಿ. ಎರಡೆರಡು ಗುಂಪಿಗೆ ಮ್ಯಾನ್-ವಿಟ್ನಿ, ಮೂರಕ್ಕೆ ಕ್ರಸ್ಕಲ್-ವಾಲಿಸ್ ಅನ್ನೋ ಸಂಖ್ಯಾಶಾಸ್ತ್ರದ ಪರೀಕ್ಷೆ ಬಳಸಿ. ಮಾದರಿ ತೆಗೆದ ಹೊತ್ತು, ತಿರುಗಿಸಿದ ಹೊತ್ತು ಎರಡಕ್ಕೂ ಶೀಟಲ್ಲಿ ಕಾಲಂ ಇವತ್ತೇ ಹಾಕಿ.