ಕಾರಿನ ಡಿಕ್ಕಿಯ ಕಟಕಟ ನಿಲ್ಲೋದು ಹೇಗೆ?

ಪ್ರಶ್ನೆ (ಪುಣೆ, ಕೊಥ್ರೂಡ್): ಹಂಪ್ ಹತ್ತಿಳಿದರೆ ಸಾಕು, ಹ್ಯಾಚ್‌ಬ್ಯಾಕ್ ಡಿಕ್ಕಿಯಿಂದ ಕಟಕಟ. ಜ್ಯಾಕು, ಪಾನಾ ತೆಗೆದು ಮನೆಯಲ್ಲಿಟ್ಟೆ. ಸ್ಟೆಪ್ನಿ ಬಿಗಿಯಾಗಿಯೇ ಇದೆ. ಗ್ಯಾರೇಜಿನವರು ಸಸ್ಪೆನ್ಷನ್ ಅಂತಾರೆ. ಹಿಂದೆ ಕೂರುವ ಅಮ್ಮ ಮಾತ್ರ, ಡಿಕ್ಕಿ ಬಾಗಿಲೇ ಅಂತ ಪಟ್ಟು ಹಿಡಿದಿದ್ದಾರೆ.

ಉತ್ತರ 1: ಸುಮ್ನೆ ದುಡ್ಡು ಸುರಿಯಬೇಡಿ. ಪಾರ್ಸೆಲ್ ಟ್ರೇ (ಹಿಂದಿನ ಸೀಟಿನ ಹಿಂದೆ ಡಿಕ್ಕಿ ಮುಚ್ಚುವ ಹಲಗೆ) ತೆಗೆದು ಓಡಿಸಿ. ಆಮೇಲೆ ಹಿಂದಿನ ಸೀಟಿನ ಬೆನ್ನನ್ನು ಯಾರಾದರೂ ಒತ್ತಿ ಹಿಡಿಯಲಿ. ಸದ್ದು ನಿಂತರೆ ಸೀಟಿನ ಲಾಕು ಸಡಿಲ.

ಉತ್ತರ 2: ಅಮ್ಮ ಹೇಳಿದ್ದೇ ಸರಿ ಇರಬಹುದು ಸರ್. ಬಾಗಿಲಿನ ಎರಡೂ ಮೂಲೆಯ ರಬ್ಬರ್ ಗುಂಡಿ ನೋಡಿ. ಜಾಸ್ತಿ ಕಾರುಗಳಲ್ಲಿ ತಿರುಗಿಸಿದರೆ ಉದ್ದವಾಗುತ್ತವೆ. ಗುಂಡಿಯ ಜಾಗದಲ್ಲಿ ಕಾಗದದ ಚೂರಿಟ್ಟು ಬಾಗಿಲು ಮುಚ್ಚಿ, ಕಾಗದ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲೇ ಸಡಿಲ. ತೀರಾ ಉದ್ದ ಮಾಡಿದರೆ ಬಾಗಿಲು ಲಾಕ್ ಆಗಲ್ಲ, ಹುಷಾರು.

ಪ್ರಶ್ನೆ ಕೇಳಿದವರು: ಎಡಗಡೆ ಕಾಗದ ಜಾರಿ ಬಂತು! ಸ್ವಲ್ಪ ತಿರುಗಿಸಿದೆ, ಕಟಕಟ ಹೋಯ್ತು. ಈಗ ನಂಬರ್ ಪ್ಲೇಟ್ ಗುಯ್ ಅನ್ನೋದು ಕೇಳಿಸ್ತಿದೆ. ಹಿಂದೆ ಫೋಮ್ ಟೇಪ್ ಅಂಟಿಸಿದರೆ ಸಾಕಲ್ವಾ?