ದೊಡ್ಡಪ್ಪನವರ ಆಂಪ್ಲಿಫೈಯರ್‌ನಿಂದ ಆ ಕೆಪಾಸಿಟರ್‌ಗಳನ್ನು ತೆಗೆಯಬೇಡ

ತಮ್ಮಾ, ನಿನ್ನೆ ರಾತ್ರಿ ನೀನು ಗುಂಪಿಗೆ ಹಾಕಿದ್ದ ಫೋಟೋಗಳನ್ನು ಬೆಳಿಗ್ಗೆ ದೊಡ್ಡದು ಮಾಡಿಕೊಂಡು ಒಂದೊಂದನ್ನೇ ನೋಡಿದೆ. ದೊಡ್ಡಪ್ಪನವರ ಕ್ವಾಡ್ 303 ಆಂಪ್ಲಿಫೈಯರ್‌ನ ಮುಚ್ಚಳ ಬಿಚ್ಚಿಟ್ಟು, ಸ್ಪೀಕರಿಗೆ ಹೋಗುವ ವೈರುಗಳನ್ನೆಲ್ಲ ಬದಲಿಸಿ, ಶಿವಮೊಗ್ಗದ ಅಂಗಡಿಯವರು ಹೇಳಿದಂತೆ ದಪ್ಪ ಕೆಪಾಸಿಟರ್‌ಗಳನ್ನು ತೆಗೆದು ನೇರವಾಗಿ ಜೋಡಿಸಬಹುದೇ ಎಂದು ಕೇಳಿದ್ದೀಯಲ್ಲ, ದಯವಿಟ್ಟು ಹಾಗೆ ಮಾಡಬೇಡ. ಕಾರಣವನ್ನು ವಿವರವಾಗಿ ಹೇಳುತ್ತೇನೆ. ಉದ್ದವಾದರೂ ಪೂರ್ತಿ ಕೇಳಿಸಿಕೊಂಡು ಆಮೇಲೆ ಸೋಲ್ಡರಿಂಗ್ ಐರನ್ ಕೈಗೆತ್ತಿಕೋ.

ಅಂಗಡಿಯವರು ಹೇಳಿದ್ದು ನಂತರದ ಕಾಲದ ಆಂಪ್ಲಿಫೈಯರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇರಬೇಕು. ಅವುಗಳಲ್ಲಿ ಪ್ಲಸ್ ಮತ್ತು ಮೈನಸ್ ಎಂದು ಎರಡು ಸಪ್ಲೈ (ಒಳಗಿನ ವಿದ್ಯುತ್ ಪೂರೈಕೆ) ಇರುವುದರಿಂದ ಔಟ್‌ಪುಟ್ ಸುಮ್ಮನಿದ್ದಾಗ ಸೊನ್ನೆ ವೋಲ್ಟ್‌ನಲ್ಲಿ ನಿಲ್ಲುತ್ತದೆ. 1967ರಲ್ಲಿ ಬಂದ ಈ 303ರಲ್ಲಿ ಇರುವುದು 67 ವೋಲ್ಟಿನ ಒಂದೇ ಸಪ್ಲೈ. ಹಾಡು ಇಲ್ಲದಿರುವಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ನಡುವಿನ ಬಿಂದು ಅದರ ಅರ್ಧದಲ್ಲಿ, ಅಂದರೆ ಸುಮಾರು 33 ವೋಲ್ಟ್‌ನಲ್ಲಿ ನಿಂತಿರುತ್ತದೆ. ಆ ಡಿ.ಸಿ.ಯನ್ನು, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟನ್ನು ತಡೆದು ಧ್ವನಿಯನ್ನು ಮಾತ್ರ ಸ್ಪೀಕರಿಗೆ ಬಿಡುವುದೇ ಆ ಕೆಪಾಸಿಟರ್‌ನ ಕೆಲಸ. ಅದನ್ನು ತೆಗೆದು ವೈರು ಜೋಡಿಸಿದರೆ, ಸುಮಾರು 6 ಓಮ್ ಇರುವ ಸ್ಪೀಕರ್ ಸುರುಳಿಗೆ ಲೆಕ್ಕದ ಪ್ರಕಾರ 5 ಆಂಪಿಯರ್‌ಗಿಂತ ಹೆಚ್ಚು ಡಿ.ಸಿ. ಹರಿಯಬೇಕು, ಅದು 180 ವಾಟ್‌ಗೂ ಮೀರಿದ ಬಿಸಿ. ಸಪ್ಲೈ ಅಷ್ಟನ್ನು ಕೊಡದೇ ಹೋದರೂ ಸುರುಳಿ ಸುಡಲು ಅದರ ಕಾಲುಭಾಗ ಸಾಕು. ನಾನು ಪಾಲಿಟೆಕ್ನಿಕ್‌ನಲ್ಲಿ ಓದುತ್ತಿದ್ದಾಗ ಇಂಥದೇ ಒಂದು ಸೆಟ್ಟಿನಲ್ಲಿ ಶಾರ್ಟಾಗಿದ್ದ ಕೆಪಾಸಿಟರನ್ನು ಗಮನಿಸದೆ ಸ್ಪೀಕರ್ ಜೋಡಿಸಿಬಿಟ್ಟೆ. ಕೋನು ಮುಂದಕ್ಕೆ ಬಂದು ನಿಂತದ್ದು, ಮರುಕ್ಷಣವೇ ವಾರ್ನಿಷ್ ಸುಟ್ಟ ವಾಸನೆ ಬಂದದ್ದು ಇಂದಿಗೂ ನೆನಪಿದೆ.

ಕೆಪಾಸಿಟರ್ ಹಳೆಯದಾಗಿದೆ ಎಂಬ ನಿನ್ನ ಆತಂಕ ಮಾತ್ರ ಸರಿಯಾದದ್ದೇ. ಮೂಲದ್ದು 2000 ಮೈಕ್ರೋಫ್ಯಾರಡ್. ಈಗ ಸಿಗುವ 2200 ಮೈಕ್ರೋಫ್ಯಾರಡ್, 63 ವೋಲ್ಟಿನದನ್ನು ಎರಡೂ ಚಾನೆಲ್‌ಗೆ ಒಟ್ಟಿಗೇ ಹಾಕು. ಪ್ಲಸ್ ತುದಿ ಯಾವ ಕಡೆಗಿತ್ತೆಂದು ಬಿಚ್ಚುವ ಮೊದಲೇ ಫೋಟೋ ತೆಗೆದಿಟ್ಟುಕೋ. 8 ಓಮ್ ಸ್ಪೀಕರ್ ಜೊತೆ 2000 ಮೈಕ್ರೋಫ್ಯಾರಡ್ ಇದ್ದರೆ ಧ್ವನಿ ಅರ್ಧ ಶಕ್ತಿಗೆ ಇಳಿಯುವುದು ಸುಮಾರು 10 ಹರ್ಟ್ಸ್‌ನಲ್ಲಿ. ದೊಡ್ಡಪ್ಪ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ಆಟಗಳ ಮದ್ದಳೆ, ಚೆಂಡೆ ಎಲ್ಲವೂ ಅದಕ್ಕಿಂತ ಬಹಳ ಮೇಲಿವೆ. ಆದ್ದರಿಂದ ಇನ್ನೂ ದೊಡ್ಡದು ಹಾಕಿದರೆ ಬಾಸ್ ಹೆಚ್ಚುತ್ತದೆ ಎಂಬ ಆಸೆ ಬೇಡ. ಸ್ವಿಚ್ ಹಾಕಿದಾಗ ಆ ಕೆಪಾಸಿಟರ್ ತುಂಬಿಕೊಳ್ಳುವುದು ಸ್ಪೀಕರ್ ಮೂಲಕವೇ. ದೊಡ್ಡದಾದಷ್ಟೂ ಆ ಧಡ್ ಎನ್ನುವ ಹೊಡೆತ ಜೋರಾಗುತ್ತದೆ.

ಇನ್ನು ವೈರಿನ ವಿಷಯ. ಪೆಟ್ಟಿಗೆಯೊಳಗೆ ಇರುವುದು ಒಂದಡಿಯಷ್ಟು ವೈರು. 0.5 ಚದರ ಮಿಲಿಮೀಟರ್ ತಾಮ್ರವೇ ಆದರೂ ಅದರ ರೋಧ 10 ಮಿಲಿಓಮ್ ಮಾತ್ರ. ಅದನ್ನು ದುಬಾರಿ ವೈರಿಗೆ ಬದಲಿಸಿದರೆ ಕಿವಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಆ ವೈರು ಎಲ್ಲಿಗೆ ಸೇರುತ್ತದೆ ಎಂಬುದು ಬಹಳ ಮುಖ್ಯ, ಏಕೆಂದರೆ ನಿನ್ನ ಮೂರನೇ ಫೋಟೋದಲ್ಲಿ ಯಾರೋ ಹಿಂದೆ ರಿಪೇರಿ ಮಾಡುವಾಗ ಸ್ಪೀಕರಿನ ಕಪ್ಪು ವೈರನ್ನು ಇನ್‌ಪುಟ್ ಬೋರ್ಡಿನ ಗ್ರೌಂಡಿಗೆ (ಸೊನ್ನೆ ವೋಲ್ಟಿನ ಬಿಂದುವಿಗೆ) ಬೆಸೆದಿರುವಂತೆ ಕಾಣುತ್ತಿದೆ. 45 ವಾಟ್ ಹೊರಟಾಗ 8 ಓಮ್ ಸ್ಪೀಕರಿನಿಂದ ವಾಪಸು ಬರುವ ಕರೆಂಟು ಸುಮಾರು 2.4 ಆಂಪಿಯರ್. ದಾರಿಯಲ್ಲಿ 10 ಮಿಲಿಓಮ್ ಇದ್ದರೂ ಅಲ್ಲಿ 24 ಮಿಲಿವೋಲ್ಟ್ ಹುಟ್ಟಿ ಒಳಬರುವ ಧ್ವನಿಯ ಜೊತೆ ಬೆರೆಯುತ್ತದೆ. ಈ ಆಂಪ್ಲಿಫೈಯರ್ ಪೂರ್ತಿ ಶಕ್ತಿ ಕೊಡಲು ಬೇಕಾದ ಇನ್‌ಪುಟ್ ಕೇವಲ 500 ಮಿಲಿವೋಲ್ಟ್ ಆಗಿರುವಾಗ ಅದು ಸಣ್ಣ ಕಲಬೆರಕೆಯಲ್ಲ. ಎರಡೂ ಚಾನೆಲ್‌ನ ಕಪ್ಪು ವೈರುಗಳನ್ನು ಬೇರೆ ಬೇರೆಯಾಗಿ ಎಳೆದು ಸಪ್ಲೈನ ಮುಖ್ಯ ಗ್ರೌಂಡ್ ಬಿಂದುವಿಗೇ ಸೇರಿಸು. ನಿನ್ನ ಶ್ರಮಕ್ಕೆ ನಿಜವಾದ ಫಲ ಸಿಗುವುದು ಇಲ್ಲೇ ಎಂದು ನನ್ನ ಅಭಿಪ್ರಾಯ.

ನಮ್ಮ ತೀರ್ಥಹಳ್ಳಿಯ ಮಳೆಗಾಲದಲ್ಲಿ ತಾಮ್ರ, ಹಿತ್ತಾಳೆಗಳಿಗೆ ಹಸಿರು ಕಿಲುಬು ಹಿಡಿಯುವುದು ನಿನಗೆ ಹೇಳಬೇಕಾಗಿಲ್ಲ. ಹಿಂಬದಿಯ ಸಾಕೆಟ್‌ಗಳನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸು, ಮಂಕಾದ ಬೆಸುಗೆಗಳನ್ನು ಹೊಸದಾಗಿ ಮಾಡು. ಉಪ್ಪರಿಗೆಗೆ ಹೋಗಿರುವ ಹತ್ತು ಮೀಟರ್ ತೆಳ್ಳನೆಯ ಜೋಡಿ ವೈರು ಹೋಗಿ ಬರುವ ದಾರಿಯಲ್ಲಿ ಸುಮಾರು 0.7 ಓಮ್ ಆಗುತ್ತದೆ. ಅದರ ಬದಲು 2.5 ಚದರ ಮಿಲಿಮೀಟರಿನ ಮನೆ ವೈರು ಹಾಕಿದರೆ 0.14ಕ್ಕೆ ಇಳಿಯುತ್ತದೆ.

ಕೆಲಸಕ್ಕೆ ಕೂರುವ ಮೊದಲು ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳನ್ನು 100 ಓಮ್ ರೆಸಿಸ್ಟರ್ ಮೂಲಕ ಖಾಲಿ ಮಾಡು. ಸ್ಕ್ರೂಡ್ರೈವರ್ ಅಡ್ಡ ಇಡಬೇಡ. ಮುಗಿದ ಮೇಲೆ ಮೊದಲ ಸಲ 60 ವಾಟಿನ ಹಳೆಯ ತಂತಿ ಬಲ್ಬನ್ನು ಮೇನ್ಸ್ ದಾರಿಯಲ್ಲಿ ಸೀರೀಸಿನಲ್ಲಿಟ್ಟು ಸ್ವಿಚ್ ಹಾಕು, ಒಳಗೆ ಶಾರ್ಟ್ ಇದ್ದರೆ ಅದು ಜೋರಾಗಿ ಉರಿಯುತ್ತಲೇ ಇರುತ್ತದೆ. ಬಲ್ಬು ಮಂಕಾದ ಮೇಲೆ ಅದನ್ನು ತೆಗೆದು, ಸ್ಪೀಕರಿನ ಜಾಗದಲ್ಲಿ 8 ಓಮ್, 10 ವಾಟಿನ ರೆಸಿಸ್ಟರ್ ಇಟ್ಟು ಅಳೆ. ಕೆಪಾಸಿಟರಿನ ಒಂದು ಬದಿಯಲ್ಲಿ 33 ವೋಲ್ಟ್ ಹತ್ತಿರ, ಸ್ಪೀಕರ್ ಬದಿಯಲ್ಲಿ ಸೊನ್ನೆ ಇರಬೇಕು. ಮನೆಯಲ್ಲಿ ಒಳ್ಳೆಯ ಮೀಟರ್ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸು. ಭಾನುವಾರ ಸಾಗರದಿಂದ ಬರುವಾಗ ನನ್ನದನ್ನು ತರುತ್ತೇನೆ. ಅಲ್ಲಿಯವರೆಗೆ ಸ್ಪೀಕರ್ ಮಾತ್ರ ಜೋಡಿಸಬೇಡ.